ಏಳು ಜನ ಇದ್ರೆ ಮ್ಯಾಚ್

ನಮ್ಮ ಸ್ಪೋರ್ಟ್ಸ್ ರೂಮಿನಲ್ಲಿ ಒಂದು ಹಳೇ ಇಶ್ಯೂ ರಿಜಿಸ್ಟರ್ ಇದೆ. ಯಾವ ಸಾಮಾನು ಯಾರು ತಗೊಂಡ್ರು, ಯಾವಾಗ ವಾಪಸ್ ಕೊಟ್ರು ಅಂತ ಅದರಲ್ಲಿ ಬರೀಬೇಕು. ಕ್ರಿಕೆಟ್‌ನ ಪುಟಗಳು ತುಂಬಿ ಹೊಸ ಪುಸ್ತಕಕ್ಕೆ ಹೋಗಿವೆ, ವಾಲಿಬಾಲ್‌ನದ್ದೂ ಅಷ್ಟೇ. ಫುಟ್‌ಬಾಲ್ ಪುಟದಲ್ಲಿ ಕೊನೇ ಸಹಿ 2019ರದ್ದು. 'ಬಾಲ್ 2, ನೆಟ್ 1 ಜೊತೆ' ಅಂತ ಬರೆದು ಯಾರೋ ಸಹಿ ಮಾಡಿದ್ದಾರೆ. ವಾಪಸ್ ಕೊಟ್ಟ ಕಾಲಮ್ ಖಾಲಿ. ಅದರ ಕೆಳಗೆ ಇಡೀ ಪುಟ ಖಾಲಿ.

ಆ ಎರಡು ಬಾಲ್ ಎಲ್ಲಿ ಹೋದವು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ. ನೆಟ್ ಮಾತ್ರ ಸಿಕ್ತು. ಗೋಣಿಚೀಲದಲ್ಲಿ, ಅರ್ಧ ಇಲಿ ಕಡಿದಿದ್ದು.

ಟೀಮ್ ಯಾಕೆ ನಿಂತು ಹೋಯ್ತು ಅಂತ ನಾನು ಕೇಳದೇ ಇರೋ ಜನ ಇಲ್ಲ. ಪ್ರಿನ್ಸಿಪಾಲರು ಬಂದ್ ಮಾಡಿಸಿದ್ರು ಅಂತ ಹಾಸ್ಟೆಲ್‌ನಲ್ಲಿ ಒಂದು ಕತೆ ಇದೆ, ಮೈದಾನದಲ್ಲಿ ಯಾರದ್ದೋ ಕಾಲು ಮುರೀತು ಅಂತ ಇನ್ನೊಂದು. ಎರಡೂ ಸುಳ್ಳು. ಆ ಕೊನೇ ವರ್ಷ ಆಡಿದ ಹದಿನಾರು ಜನರಲ್ಲಿ ಹದಿಮೂರು ಜನ ಫೈನಲ್ ಇಯರ್. ಅವರು ಹೋಗೋ ಹೊತ್ತಿಗೆ ಲಾಕ್‌ಡೌನ್ ಬಂತು. ಕ್ಲಾಸುಗಳೆಲ್ಲಾ ಫೋನಿನೊಳಗೆ ಹೋದವು. ಮತ್ತೆ ಕಾಲೇಜು ತೆರೆದಾಗ ಉಳಿದಿದ್ದ ಮೂವರಿಗೆ ಪ್ಲೇಸ್‌ಮೆಂಟ್ ಚಿಂತೆ. ಎಂಟ್ರಿ ಫಾರ್ಮ್ ಯಾವಾಗ ಬರುತ್ತೆ, ಯಾರ ಸಹಿ ಬೇಕು, ಬಸ್ಸಿಗೆ ಯಾರನ್ನ ಕೇಳಬೇಕು, ಮೈದಾನದ ಯಾವ ಮೂಲೆಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತೆ, ಇದೆಲ್ಲ ಎಲ್ಲೂ ಬರೆದಿಟ್ಟಿರಲಿಲ್ಲ. ಸೀನಿಯರ್ ಜೂನಿಯರ್‌ಗೆ ಬಾಯಲ್ಲಿ ಹೇಳೋ ವಿದ್ಯೆ ಅದು. ನಾಲ್ಕು ವರ್ಷದ ಕೋರ್ಸಿನಲ್ಲಿ ಎರಡು ವರ್ಷ ಯಾರೂ ಯಾರಿಗೂ ಏನೂ ಹೇಳದಿದ್ರೆ ಟೀಮ್ ಸಾಯೋಕೆ ಅಷ್ಟು ಸಾಕು. ಯಾರೂ ಕೊಲ್ಲಬೇಕಾಗಿಲ್ಲ.

ನಾನೇನು ದೊಡ್ಡ ಆಟಗಾರ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಹನ್ನೊಂದು ಜನರ ಟೀಮಿನಲ್ಲಿ, ಪೂರಾ ಮೈದಾನದಲ್ಲಿ ನಾನು ಅಲ್ಲೀತನಕ ಒಮ್ಮೆಯೂ ಆಡಿರಲಿಲ್ಲ. ಫಸ್ಟ್ ಇಯರ್‌ನಲ್ಲಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿದೆ. ಎರಡೇ ದಿನಕ್ಕೆ ಅರವತ್ತನಾಲ್ಕು ಜನ ಸೇರಿದ್ರು. ಮೆಸ್ಸಿಯೋ ರೊನಾಲ್ಡೊನೋ ಅಂತ ರಾತ್ರಿ ಎರಡರವರೆಗೆ ಜಗಳ ಆಡಿದ್ರು. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದವರು ಐದು. ಅದರಲ್ಲಿ ಒಬ್ಬ ವಾಕಿಂಗ್‌ಗೆ ಬಂದವನು.

ಪಿಇ ಸರ್ ನಮ್ಮನ್ನ ಓಡಿಸಲಿಲ್ಲ. ಆದ್ರೆ ಒಂದು ಮಾತು ಹೇಳಿದ್ರು. "ನೋಡು ತಮ್ಮಾ, ಹೆಸರು ತಗೊಂಡ್ ಬಾ, ವಿಟಿಯು ಟೂರ್ನಮೆಂಟಿಗೆ ಎಂಟ್ರಿ ಕಳಸ್ತೀನಿ. ಆದ್ರ ಎಂಟ್ರಿ ಕೊಟ್ಟು ನೀವು ಹೋಗಲಿಲ್ಲ ಅಂದ್ರ ವಾಕ್‌ಓವರ್ ಆಗ್ತದ. ಹಂಗೇನಾದ್ರೂ ಆದ್ರ ಫುಟ್‌ಬಾಲ್ ಅಂತ ನನ್ನ ರೂಮಿಗೆ ಮತ್ತ ಬರಬ್ಯಾಡ." ಅವರ ಕಡೆಯಿಂದ ನೋಡಿದ್ರೆ ಅದು ಸರಿಯೇ. ಬಸ್ಸಿನ ಖರ್ಚಿಗೆ ಸಹಿ ಹಾಕಿಸಿಕೊಂಡು ಬರೋವ್ರು ಅವರು.

ಆ ಸೆಮಿಸ್ಟರ್ ರಜೆಗೆ ಊರಿಗೆ ಹೋದೆ. ನಮ್ಮೂರು ಭೀಮರಾಯನಗುಡಿ, ಶಹಾಪುರದ ಹತ್ತಿರ. ಬಸ್ಸಿನ ಬೋರ್ಡಿನ ಮೇಲೆ ಬಿ.ಗುಡಿ ಅಂದ್ರೂ ಅದೇ. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಬೆಳೆದ ಕ್ಯಾಂಪ್ ಅದು. ಕೃಷ್ಣಾ ಭಾಗ್ಯ ಜಲ ನಿಗಮದ ಆಫೀಸುಗಳು, ಸಾಲು ಕ್ವಾರ್ಟರ್ಸು, ಬೇವಿನ ಮರ, ಕೃಷಿ ಕಾಲೇಜು, ದೂರಕ್ಕೆ ಬುದ್ಧ ಮಲಗಿದಂಗೆ ಕಾಣೋ ಶಹಾಪುರದ ಗುಡ್ಡ. ಕ್ವಾರ್ಟರ್ಸಿನಲ್ಲಿ ಈಗ ಕೆಲವಕ್ಕೆ ಬೀಗ ಬಿದ್ದು ಗೋಡೆಯಲ್ಲಿ ಗಿಡ ಬೆಳೆದಿವೆ. ಕ್ಯಾಂಪಿನ ಖಾಲಿ ಜಾಗದಲ್ಲಿ ನಾನೂ ಪಕ್ಕದ ಮನೆಯ ಹೈಸ್ಕೂಲ್ ಹುಡುಗರೂ ಇಟ್ಟಂಗಿ ಇಟ್ಟು ಗೋಲ್ ಮಾಡಿಕೊಂಡು ದಿನಾ ಸಂಜೆ ಆಡಿದ್ವಿ. ಅವರು ನನಗಿಂತ ಚೆನ್ನಾಗಿ ಆಡ್ತಾರೆ, ಅದು ಬೇರೆ ಮಾತು.

ಅಪ್ಪ ಕಾಲುವೆ ಕೆಲಸದಲ್ಲಿದ್ದಾರೆ. ನಾರಾಯಣಪುರ ಎಡದಂಡೆಗೆ ನೀರು ಬಿಟ್ಟಿದ್ದ ಸಮಯ ಅದು. ಒಂದು ದಿನ ಬೈಕಿನ ಹಿಂದೆ ಕೂತು ಅವರ ಜೊತೆ ಹೋಗಿದ್ದೆ. ನಮ್ಮ ಕಡೆ ಕಾಲುವೆ ನೀರು ಚಾಲು-ಬಂದ್ ಲೆಕ್ಕದಲ್ಲಿ ಬರೋದು. ಇಷ್ಟು ದಿನ ಚಾಲು, ಇಷ್ಟು ದಿನ ಬಂದ್. ಗೇಟ್ ಎತ್ತಿದ ಮರುದಿನದಿಂದಲೇ ಟೇಲ್ ಎಂಡ್ ರೈತರ ಫೋನ್ ಶುರು. ಆವತ್ತೂ ಮೂರು ಫೋನ್ ಬಂದವು. ನಾನು ಸುಮ್ಮನೆ ಕೇಳಿದೆ, "ಗೇಟ್ ತೆಗೆದ್ರೂ ಯಾಕೆ ಮುಟ್ಟಿಲ್ಲ?" ಅಪ್ಪ ಬೈಕ್ ನಿಲ್ಲಿಸಿ ಕಾಲುವೆಯೊಳಗೆ ಬೆಳೆದಿದ್ದ ಜಾಲಿ, ಹೂಳು, ಬಿರುಕು ಬಿಟ್ಟ ಲೈನಿಂಗ್ ತೋರಿಸಿದ್ರು. "ಒಣಗಿದ ಕಾಲುವಿ ಮೊದಲ ತಾನು ಕುಡಿತದ, ಆಮ್ಯಾಲ ಹೊಲಕ್ಕ ಕೊಡ್ತದ. ಈ ಮಾತು ಆಫೀಸ್‌ನ್ಯಾಗ ಕೂತವ್ರಿಗೂ ತಿಳ್ಯಂಗಿಲ್ಲ, ಹೊಲದಾಗ ನಿಂತವ್ರಿಗೂ ತಿಳ್ಯಂಗಿಲ್ಲ."

ಅವರು ನೀರಿನ ಬಗ್ಗೆ ಹೇಳಿದ್ದು. ನನಗೆ ಅರವತ್ತನಾಲ್ಕರಲ್ಲಿ ಐದು ಜನ ಬಂದಿದ್ದು ನೆನಪಾಯ್ತು.

ಅದೇ ರಜೆಯಲ್ಲಿ ನಿಂತುಹೋದ ಕಾಲೇಜು ಟೀಮುಗಳ ಬಗ್ಗೆ ಹುಡುಕಿ ಹುಡುಕಿ ಓದಿದೆ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಎಬಿ ಅಂತ ಒಂದು ವಿಶ್ವವಿದ್ಯಾಲಯ ಇದೆ. ಅವರ ಫುಟ್‌ಬಾಲ್ ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡೋದು, ಇರಲಿ. 2014ರ ಡಿಸೆಂಬರಿನಲ್ಲಿ ಖರ್ಚು ಜಾಸ್ತಿ ಅಂತ ಟೀಮನ್ನೇ ಮುಚ್ಚಿದ್ರು. ವಿದ್ಯಾರ್ಥಿಗಳು, ಊರಿನ ಜನ ಎಲ್ಲಾ ಗಲಾಟೆ ಮಾಡಿ, ದುಡ್ಡು ಕೊಡ್ತೀವಿ ಅಂತ ಮುಂದೆ ಬಂದಮೇಲೆ 2015ರ ಜೂನ್‌ನಲ್ಲಿ ವಾಪಸ್ ಶುರು ಮಾಡ್ತೀವಿ ಅಂದ್ರು. ಎಲ್ಲರೂ ಬರೆಯೋದು ಈ ಗಲಾಟೆ, ದುಡ್ಡಿನ ಕತೆ. ನನಗೆ ಹಿಡಿಸಿದ್ದು ಆಮೇಲಿನ ಭಾಗ. 2015, 2016 ಎರಡು ಸೀಸನ್ ಅವರಿಗೆ ಒಂದೂ ಮ್ಯಾಚ್ ಇರಲಿಲ್ಲ. ಕೋಚ್ ಬಿಲ್ ಕ್ಲಾರ್ಕ್ ಬೇರೆ ಕಡೆ ಹೋಗದೆ ಅಲ್ಲೇ ಉಳಿದು, ಆಡೋಕೆ ಮ್ಯಾಚೇ ಇಲ್ಲದ ಹುಡುಗರಿಗೆ ಪ್ರಾಕ್ಟೀಸ್ ಮಾಡಿಸಿದ್ರು. 2017ರಲ್ಲಿ ಮೈದಾನಕ್ಕೆ ಬಂದು ಎಂಟು ಮ್ಯಾಚ್ ಗೆದ್ರು, ಮುಂದಿನ ವರ್ಷ ಅವರ ಕಾನ್ಫರೆನ್ಸಿನ ಚಾಂಪಿಯನ್ ಆದ್ರು. ಮ್ಯಾಚ್ ಇಲ್ಲದೆ ಎರಡು ವರ್ಷ ಪ್ರಾಕ್ಟೀಸ್! ನಮ್ಮಲ್ಲಿ ಎರಡು ದಿನ ಮ್ಯಾಚ್ ಆಡಿಸದಿದ್ರೆ ಹುಡುಗರು ಬಿಜಿಎಂಐಗೆ ವಾಪಸ್ ಹೋಗ್ತಾರೆ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದ್ದೇ ನೋಡಿ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ಕ್ಲಬ್ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ನಮ್ಮ ಟೀಮ್ ಇನ್ನೂ ಮೈಸೂರು ರಾಜ್ಯ ಅನ್ನೋ ಹೆಸರಿನಲ್ಲಿದ್ದಾಗ ನಾಲ್ಕು ಸಲ ಸಂತೋಷ್ ಟ್ರೋಫಿ ತಂದಿದೆ, ಕೊನೇದು 1968-69ರಲ್ಲಿ. ಅದಾದ ಮೇಲೆ ಐದನೇದಕ್ಕೆ 54 ವರ್ಷ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿದಾಗ, ಕರ್ನಾಟಕ ಅನ್ನೋ ಹೆಸರಿನಲ್ಲಿ ಅದೇ ಮೊದಲ ಗೆಲುವು. ಈ ನಡುವೆ ಸೋತವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಆದ್ರೆ ಸೋತರೂ ಟೀಮ್ ಕಟ್ಟೋದು ಬಿಟ್ಟಿರಲಿಲ್ಲ, ಅದಕ್ಕೇ ಗೆಲ್ಲೋಕೆ ಒಂದು ಟೀಮ್ ಉಳಿದಿತ್ತು.

ಥರ್ಡ್ ಸೆಮ್ ಶುರುವಾದಾಗ ನಾನು ಗ್ರೂಪ್ ಡಿಲೀಟ್ ಮಾಡಿದೆ. ಅದರ ಬದಲು ಬಾಗಿಲು ಬಾಗಿಲಿಗೆ ಹೋದೆ. ಆ ಸಲ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಲ್ಲಿ ಸುರಪುರ ಕಡೆಯವನೊಬ್ಬ ಸಿಕ್ಕ. ಬಾಲ್ ಕಾಲಿಗೆ ಬಂತಂದ್ರೆ ಅಂಟಿಕೊಂಡ ಹಾಗೆ. ಬರಿಗಾಲಲ್ಲಿ ಆಡ್ತಿದ್ದ, ಶೂ ಹಾಕಿದ್ರೆ ಎಡವುತ್ತಿದ್ದ. ಅವನು ಬಂದ ಮೇಲೆ ಉಳಿದವರೂ ಬರೋಕೆ ಶುರು ಮಾಡಿದ್ರು, ಯಾಕಂದ್ರೆ ಅವನ ಆಟ ನೋಡೋಕೆ ಚಂದ. ಆದ್ರೆ ಅವನಿಗೆ ಮ್ಯಾಥ್ಸ್ ಕಷ್ಟ, ಬ್ರಿಡ್ಜ್ ಕೋರ್ಸ್ ಬೇರೆ. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಫಸ್ಟ್ ಅವರ್ ಕ್ಲಾಸಿಗೆ ತಡವಾಗಿ ಹೋಗಿ ಅಟೆಂಡೆನ್ಸ್ ಕಳ್ಕೊಳ್ತಿದ್ದ. ನಾನು ನೋಡ್ತಾ ಇದ್ದೆ. ಹೇಳಲಿಲ್ಲ. ಹೇಳಿದ್ರೆ ಬರೋದು ಬಿಡ್ತಾನೆ ಅಂತ ನನಗೆ ಹೆದರಿಕೆ.

ಟೂರ್ನಮೆಂಟ್ ದಿನ ಬಂತು. ಅದೇ ದಿನ ಅವನ ಬ್ರ್ಯಾಂಚಿಗೆ ಇಂಟರ್ನಲ್ಸ್. ಹಿಂದಿನ ರಾತ್ರಿ ನನ್ನ ರೂಮಿಗೆ ಬಂದು ನಿಂತ. "ಏನ್ ಮಾಡ್ಲೋ?" ಅಂದ. ಆಗಲೇ ಇಬ್ಬರು ಫೈನಲ್ ಇಯರ್‌ನವರು ಕೈ ಕೊಟ್ಟಿದ್ರು, ಒಬ್ಬನಿಗೆ ಜ್ವರ. ಅವನು ಬಂದ್ರೆ ಹತ್ತು ಜನ. ನಾನು ಹೇಳಿದೆ, "ನಡಿಯೋ, ರೀಟೆಸ್ಟ್ ಕೊಡ್ತಾರೆ, ನಾನು ಮಾತಾಡ್ತೀನಿ." ರೀಟೆಸ್ಟ್ ಬಗ್ಗೆ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದ್ರೆ ಇಲ್ಲ ಅಂದಾರು ಅಂತಲೇ ಕೇಳಿರಲಿಲ್ಲ.

ಹತ್ತು ಜನ ಹೋದ್ವಿ. ಫುಟ್‌ಬಾಲಿನ ನಿಯಮ ಪ್ರಕಾರ ಹನ್ನೊಂದು ಜನ ಇರಲೇಬೇಕು ಅಂತೇನಿಲ್ಲ. ಒಂದು ಕಡೆ ಏಳು ಜನ ಇದ್ರೆ ಮ್ಯಾಚ್ ಶುರು ಮಾಡಬಹುದು, ಅದಕ್ಕಿಂತ ಕಮ್ಮಿ ಆದ್ರೆ ಆಡಿಸೋ ಹಾಗಿಲ್ಲ. ಇದನ್ನ ನಾನು ಬಸ್ಸಿನಲ್ಲಿ ಧೈರ್ಯಕ್ಕೆ ಅಂತ ಎಲ್ಲರಿಗೂ ಹೇಳಿದ್ದೆ, ತಮಾಷೆಯಾಗಿ.

ಮಧ್ಯಾಹ್ನದ ಬಿಸಿಲು, ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಹಾಫ್ ಟೈಮಿಗೆ 0-3. ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೆ ಇಬ್ಬರಿಗೆ ಕಾಲು ಹಿಡಿದುಕೊಂಡು ಹೊರಗೆ ಹೋದ್ರು. ಆಮೇಲೆ ನಮ್ಮ ಸೆಂಟರ್ ಬ್ಯಾಕ್ ಪಾದ ಉಳುಕಿಸಿಕೊಂಡ. ಏಳು ಜನ. ಇನ್ನೂ ಇಪ್ಪತ್ತು ನಿಮಿಷ ಇತ್ತು. ಆಗ ನನ್ನ ತಮಾಷೆ ನನಗೇ ತಿರುಗಿತು. ಇನ್ನೊಬ್ಬ ಕೂತ್ರೆ ಮ್ಯಾಚ್ ಮುಗೀತು, ರಿಜಿಸ್ಟರಿನಲ್ಲಿ 'ಅರ್ಧಕ್ಕೆ ನಿಂತಿತು' ಅಂತ ಬೀಳುತ್ತೆ.

ಆವಾಗ ಸುರಪುರದವನಿಗೂ ಮೀನಖಂಡ ಹಿಡಿದುಕೊಳ್ತು. ಓಡೋಕೆ ಆಗ್ತಿಲ್ಲ. ನಾನು ಹತ್ತಿರ ಓಡಿ ಹೋಗಿ "ಕೂರಬೇಡ, ಮಾರಾಯ, ನಿಂತ್ಕೋ ಸಾಕು" ಅಂದೆ. ಅವನು ಗೆರೆಯ ಒಳಗೆ, ಬಲಗಡೆ, ಒಂಟಿಕಾಲಲ್ಲಿ ಕೊಕ್ಕರೆ ಥರ ನಿಂತ. ಬಾಲ್ ಅವನ ಕಡೆ ಹೋದ್ರೆ ಎದುರಾಳಿಗಳೇ ಮೆಲ್ಲಗೆ ತಗೊಂಡು ಹೋಗ್ತಿದ್ರು. ಅವನಿಗೆ ಡಿಕ್ಕಿ ಹೊಡೆಯದೆ ಪಕ್ಕಕ್ಕೆ ಸರಿದು ಹೋಗಿದ್ದು ಅವರ ದೊಡ್ಡತನ. 0-6. ರೆಫರಿ ಕೊನೇ ಸೀಟಿ ಊದಿದಾಗ ಗೆದ್ದವರಿಗಿಂತ ನಾವೇ ಜೋರಾಗಿ ಕೂಗಿದ್ವಿ. ಅವರಿಗೆ ಯಾಕೆ ಅಂತ ಅರ್ಥ ಆಗಲಿಲ್ಲ.

ಪಿಇ ಸರ್ ಬಸ್ಸಿನಲ್ಲಿ ಏನೂ ಮಾತಾಡಲಿಲ್ಲ. ಇಳಿಯೋವಾಗ, "ಮುಂದಿನ ಸಲ ಹದಿನೈದು ಮಂದಿ ತಯಾರ್ ಮಾಡ್ರಿ, ಗ್ಲೂಕೋಸ್ ನಾ ತರ್ತೀನಿ" ಅಂದ್ರು. ಮುಂದಿನ ಸಲ ಅನ್ನೋ ಪದ ಅವರ ಬಾಯಲ್ಲಿ ಬಂದಿದ್ದಕ್ಕೆ ಬಸ್ಸಿನಲ್ಲಿ ಸಣ್ಣ ಗಲಾಟೆಯೇ ಆಯ್ತು. ಸುರಪುರದವನು ಮಾತ್ರ ಕಿಟಕಿ ಕಡೆ ನೋಡ್ತಾ ಕೂತಿದ್ದ.

ರೀಟೆಸ್ಟ್ ಸಿಗಲಿಲ್ಲ. ಮೊದಲೇ ಲೆಟರ್ ಕೊಟ್ಟಿದ್ರೆ ನೋಡಬಹುದಿತ್ತು ಅಂದ್ರು. ಲೆಟರ್ ಕೊಡಬೇಕಿದ್ದವನು ನಾನು. ಎಂಟ್ರಿ ಫಾರ್ಮಿಗೆ ಯಾರ ಸಹಿ ಬೇಕು ಅನ್ನೋದನ್ನ ಅಷ್ಟು ಕಷ್ಟಪಟ್ಟು ಕಲಿತವನಿಗೆ, ಒಬ್ಬನ ಇಂಟರ್ನಲ್ಸಿಗೆ ಯಾರ ಸಹಿ ಬೇಕು ಅಂತ ಕೇಳೋ ಬುದ್ಧಿ ಬರಲಿಲ್ಲ. ಅವನ ಅಟೆಂಡೆನ್ಸ್ 85 ಪರ್ಸೆಂಟ್‌ಗಿಂತ ಕೆಳಗಿದೆ. ಇನ್ನೊಂದು ಇಂಟರ್ನಲ್ಸಿನಲ್ಲಿ ಚೆನ್ನಾಗಿ ಬರೆದ್ರೆ ಮಾತ್ರ ಆ ಸಬ್ಜೆಕ್ಟಿನ ಎಕ್ಸಾಮಿಗೆ ಕೂರೋಕೆ ಬಿಡ್ತಾರೆ. ಅವನು ನನಗೆ ಬೈದಿದ್ರೆ ಒಳ್ಳೇದಿತ್ತು. "ನೀ ಹೇಳಿದ್ದಿ ಅಂತ ಬಂದಿಲ್ಲ, ನನಗ ಆಡಬೇಕು ಅನಿಸಿತ್ತು, ಬಂದೆ" ಅಂದ. ಅದು ನನಗೋಸ್ಕರ ಹೇಳಿದ ಮಾತು ಅಂತ ನನಗೆ ಗೊತ್ತು.

ಹಾಗಾಗಿ ಈಗ ಪ್ರಾಕ್ಟೀಸ್ ಬೆಳಿಗ್ಗೆ ಇಲ್ಲ. ಸಂಜೆ ಐದೂವರೆಗೆ, ವರ್ಕ್‌ಶಾಪ್ ಹಿಂದಿನ ಮೈದಾನದಲ್ಲಿ. ಒಂದು ನೋಟ್‌ಬುಕ್ ಮಾಡಿದ್ದೀನಿ, ಅದರಲ್ಲಿ ಎಲ್ಲ ಬರೆದಿಟ್ಟಿದ್ದೀನಿ: ಫಾರ್ಮ್ ಯಾವ ತಿಂಗಳು ಬರುತ್ತೆ, ಬಸ್ಸಿಗೆ ಯಾರು, ನೀರು ನಿಲ್ಲೋ ಮೂಲೆ ಯಾವುದು, ಟೆಸ್ಟ್ ಇರೋವ್ರ ಲೆಟರ್ ಎಷ್ಟು ದಿನ ಮೊದಲು ಕೊಡಬೇಕು. ಕೊನೇದನ್ನ ಕೆಂಪು ಪೆನ್ನಿನಲ್ಲಿ. ನೋಟ್‌ಬುಕ್ ಸ್ಪೋರ್ಟ್ಸ್ ರೂಮಿನಲ್ಲೇ ರಿಜಿಸ್ಟರ್ ಪಕ್ಕ ಇರುತ್ತೆ, ಯಾರು ಬೇಕಾದ್ರೂ ನೋಡಬಹುದು. ಫಸ್ಟ್ ಇಯರ್‌ನವರು ದಯವಿಟ್ಟು ನೋಡಿ, ನಾವು ಇನ್ನೆರಡು ವರ್ಷ ಅಷ್ಟೇ ಇಲ್ಲಿರೋದು.

ಸುರಪುರದವನು ಸದ್ಯ ಬರ್ತಿಲ್ಲ. ಸಂಜೆ ಆರರಿಂದ ಎಂಟು ನಾವಿಬ್ಬರೂ ಲೈಬ್ರರಿಯಲ್ಲಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮಾಡ್ತಾ ಇರ್ತೀವಿ, ಅದಕ್ಕೇ ನಾನು ಮೈದಾನದಲ್ಲಿ ಅರ್ಧ ಗಂಟೆ ಮಾತ್ರ ಸಿಗ್ತೀನಿ. ಬಾಲ್ ಬೇಕಾದವರು ರಿಜಿಸ್ಟರಿನಲ್ಲಿ ಸಹಿ ಮಾಡಿ ತಗೊಳ್ಳಿ. ಗೋಲ್‌ಕೀಪರ್ ಬೇಕಾಗಿದ್ದಾನೆ, ಇಬ್ಬರು ಡಿಫೆಂಡರ್ಸ್ ಬೇಕು. ರೈಟ್ ವಿಂಗ್ ಸದ್ಯಕ್ಕೆ ಕೇಳಬೇಡಿ, ಅದು ಅವನದ್ದು.