ಬಾವಿಯ ಚಕ್ರಬಡ್ಡಿ

ಬಾಡಿಗೆಯ ಮನೆಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವರಿಗೆ ನ್ಯಾಯಶಾಸ್ತ್ರದ ಒಂದು ಸೂತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ ಬಿಡುವ ದಿನ ಮಾಲೀಕರು ಗೋಡೆಗೋಡೆಯನ್ನೂ ಪರೀಕ್ಷಿಸಿ, ಮೊಳೆ ಹೊಡೆದ ತೂತುಗಳನ್ನು ಎಣಿಸಿ, ಸುಣ್ಣಬಣ್ಣದ ಖರ್ಚನ್ನು ಮುಂಗಡದಲ್ಲಿ ಮುರಿದುಕೊಂಡು ಉಳಿದುದನ್ನು ಕೈಗಿಡುತ್ತಾರೆ. ಕೆಡಿಸಿದವನೇ ಸರಿಪಡಿಸತಕ್ಕದ್ದು! ಗೋಡೆಯ ಮಟ್ಟಿಗೆ ಇಷ್ಟು ಸಲೀಸಾದ ಈ ಮಾತು ನೆಲದೊಳಗಿನ ನೀರಿಗೆ ಬಂದಾಗ ಎಷ್ಟು ತೊಡಕಾಗುವುದೆಂಬುದು ನನಗೆ ಅರ್ಥವಾದದ್ದು ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಓದಿದಾಗ. ವಕೀಲಿ ನನ್ನ ವೃತ್ತಿಯಲ್ಲ. ತೀರ್ಪುಗಳನ್ನು ಧಾರಾವಾಹಿಯಂತೆ ಓದುವ ಚಪಲ ಮಾತ್ರ ಉಂಟು.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬಿಛ್ರಿ ಎಂಬ ಹಳ್ಳಿಯಿದೆ. 1988ರಲ್ಲಿ ಅದರ ಮಗ್ಗುಲಲ್ಲಿಯೇ ‘ಎಚ್ ಆಸಿಡ್’ ಎಂಬ ರಾಸಾಯನಿಕದ ತಯಾರಿಕೆ ಮೊದಲಾಯಿತು. ತಯಾರಾದ ಮಾಲು ಸುಮಾರು 375 ಟನ್ನು. ಅದರ ಬೆನ್ನಿಗೆ ಉಳಿದ ವಿಷದ ಕೆಸರು ಸುಮಾರು 2,440 ಟನ್ನು. ಮಾಲು ಪರದೇಶಕ್ಕೆ ಹೋಯಿತು, ಕೆಸರು ಹಳ್ಳಿಯ ಪಾಲಿಗೆ ಬಂತು. ಅದು ನೆಲಕ್ಕೆ ಇಂಗಿ, ಸುಮಾರು 60 ಬಾವಿಗಳ ನೀರನ್ನು ಕೆಡಿಸಿತು. ನೀರು ಕಪ್ಪಿಟ್ಟಿತು. ಮನುಷ್ಯರು ಕುಡಿಯುವಂತಿಲ್ಲ, ದನಕರುಗಳಿಗೆ ಕುಡಿಸುವಂತಿಲ್ಲ, ಹೊಲಕ್ಕೆ ಹಾಯಿಸುವಂತಿಲ್ಲ. ಹಳ್ಳಿಗರು ರೊಚ್ಚಿಗೆದ್ದರು, ನಿಷೇಧಾಜ್ಞೆ ಜಾರಿಗೆ ಬಂತು, 1989ರ ಜನವರಿಯಲ್ಲಿ ಆ ತಯಾರಿಕೆ ನಿಂತಿತು. ವಿಷ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ.

ಅದೇ ವರ್ಷ ಪರಿಸರಾಸಕ್ತರ ಸಂಸ್ಥೆಯೊಂದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 1996ರ ಫೆಬ್ರವರಿ 13ರಂದು ಬಂದ ತೀರ್ಪು ಸ್ಪಷ್ಟವಾಗಿತ್ತು: ಅಪಾಯಕರವಾದ ಉದ್ಯಮವನ್ನು ನಡೆಸುವವನು ತಾನು ಎಚ್ಚರಿಕೆ ವಹಿಸಿದ್ದೆನೆಂದು ಹೇಳಿ ಜಾರಿಕೊಳ್ಳುವಂತಿಲ್ಲ, ಕೆಟ್ಟ ಮಣ್ಣನ್ನೂ ನೀರನ್ನೂ ಮೊದಲಿನ ಸ್ಥಿತಿಗೆ ತರುವ ವೆಚ್ಚವೂ ಅವನದೇ. ವೆಚ್ಚದ ಅಂದಾಜು 37.385 ಕೋಟಿ ರೂಪಾಯಿಗಳೆಂದಾಯಿತು.

ಧಾರಾವಾಹಿ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಣ ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಬಂತು. ಹಣವಂತನಿಗೆ ವಿಳಂಬವೆಂಬುದು ಲಾಭದ ವ್ಯಾಪಾರ. ಕೊಡಬೇಕಾದ ಕೋಟಿಗಳು ಅವನ ಬಳಿಯಲ್ಲಿದ್ದು ದುಡಿಯುತ್ತಿರುತ್ತವೆ. ಬಾವಿ ಸುಮ್ಮನೆ ಕೊಳೆಯುತ್ತಿರುತ್ತದೆ. ಈ ಮರ್ಮವನ್ನು ನ್ಯಾಯಾಲಯ ಹಿಡಿದದ್ದು 2011ರ ಜುಲೈ 18ರ ತೀರ್ಪಿನಲ್ಲಿ. 1997ರ ನವೆಂಬರ್ 4ರಿಂದ ಹಣ ಸಂದಾಯವಾಗುವವರೆಗೆ ಶೇಕಡ 12ರಂತೆ ಚಕ್ರಬಡ್ಡಿ! ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ತೀರ್ಪಿನ ದಿನಕ್ಕೇ ಮೊತ್ತ 170 ಕೋಟಿಯನ್ನು ದಾಟುತ್ತದೆ. ಸಾಲಿಗರನ್ನು ಹಿಂಡುವ ಲೇವಾದೇವಿಗಾರನ ಆಯುಧವೆಂದೇ ನಾವು ಬಲ್ಲ ಚಕ್ರಬಡ್ಡಿ ಒಂದು ಹಳ್ಳಿಯ ಅಂತರ್ಜಲದ ಪರವಾಗಿ ನಿಂತದ್ದು ನನಗೆ ಬಹಳ ಹಿತವೆನಿಸಿತು.

ಆದರೂ ಮುಂಗಡದ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ. ನಮ್ಮ ಬಳ್ಳಾರಿಯ ಕಡೆಯ ಗಣಿಗಳ ಮೊಕದ್ದಮೆಯಲ್ಲಿ, 2013ರಲ್ಲಿ, ಆ ದಾರಿಯೂ ತೆರೆಯಿತು: ಕೆಡಿಸಿದ ನೆಲವನ್ನು ಸುಸ್ಥಿತಿಗೆ ತರುವ ಯೋಜನೆಗೆ ಒಪ್ಪಿದವರಿಗೆ ಮಾತ್ರ ಮತ್ತೆ ಅದಿರು ತೆಗೆಯುವ ಅವಕಾಶ.

ಬಿಛ್ರಿಯ 1996ರ ತೀರ್ಪಿನ ಕೊನೆಯಲ್ಲಿ ಒಂದು ಸಣ್ಣ ಮಾತಿದೆ. ಅದನ್ನು ನಾನು ಎರಡು ಸಲ ಓದಿದೆ. ಮೇಲೆ ಹೇಳಿದ ಹಣವೆಲ್ಲ ಮಣ್ಣಿನದು, ನೀರಿನದು. ಹಳ್ಳಿಗರಿಗೆ ತಮ್ಮ ಸ್ವಂತ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಅವರು ಬೇರೆಯಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಶುಲ್ಕ ತೆರಲಾಗದ ಬಡವರೆಂದು ಅವರು ಕೇಳಿಕೊಂಡರೆ ಸರ್ಕಾರವು ಅದನ್ನು ವಿರೋಧಿಸಕೂಡದು. ಬಾವಿ ಕಪ್ಪಿಟ್ಟ ವರ್ಷ ಆ ಊರಲ್ಲಿ ಹುಟ್ಟಿದ ಹೆಣ್ಣುಮಗುವಿಗೆ, ಚಕ್ರಬಡ್ಡಿಯ ತೀರ್ಪು ಬಂದಾಗ, 22 ವರ್ಷ ದಾಟಿತ್ತು. ಅಷ್ಟು ವರ್ಷ ಅವಳ ತಾಯಿ ಹೊತ್ತ ಕೊಡಗಳ ಲೆಕ್ಕವನ್ನು ಯಾವ ನ್ಯಾಯಾಲಯದ ಮುಂದೆ ಯಾರು ಇಡಬೇಕು?