ಅಭಿಮಾನಿ ದೇವರಿಗೂ ಓಟಿಪಿ!

ಬಸ್ಸಿಗಾಗಿ ಕಾಯುತ್ತ ಕೂತಿರುವ ಗೆಳೆಯರೇ, ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. 2024-25ರ ಚಳಿಗಾಲದಲ್ಲಿ ಅದರಿಂದ ಎಷ್ಟು ಓಟು ಒತ್ತಿದಿರಿ? ಹತ್ತೇ? ನೂರೇ? ನೀವು ಲೆಕ್ಕ ಇಟ್ಟಿರಲಿಕ್ಕಿಲ್ಲ. ಆದರೆ ಲೆಕ್ಕ ಇಟ್ಟವರು ಇದ್ದಾರೆ!

ನನ್ನ ಹೊಟ್ಟೆಪಾಡು ಸಿಮ್ಮು, ರೀಚಾರ್ಜಿನ ಅಂಗಡಿಗಳಿಗೆ ಸುತ್ತುವುದು. ಸೋಮವಾರ ಹಾನಗಲ್ಲು, ಮಂಗಳವಾರ ಶಿಗ್ಗಾಂವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ನಾಲ್ಕೂರಿನ ಬಸ್ ಸ್ಟ್ಯಾಂಡಿನ ಚಹಾ, ನಾಲ್ಕೂರಿನ ಸಿನಿಮಾ ಹುಚ್ಚರು ನನಗೆ ಗೊತ್ತು. ಆದರೆ ಆ ಚಳಿಗಾಲದಲ್ಲಿ ಸವಣೂರಿಗೆ ಹಿಡಿದ ಹುಚ್ಚನ್ನು ನಾನು ಹಿಂದೆ ಕಂಡಿರಲಿಲ್ಲ.

ಕಲರ್ಸ್ ಕನ್ನಡದಲ್ಲಿ ಬಿಗ್ ಬಾಸ್ ಹನ್ನೊಂದನೇ ಸೀಸನ್ ಶುರುವಾದದ್ದು 2024ರ ಸೆಪ್ಟೆಂಬರ್ 29ರಂದು. ನಿರೂಪಕರು ಕಿಚ್ಚ ಸುದೀಪ್. ಅಕ್ಟೋಬರಿನಲ್ಲಿ, ಆಟ ಅರ್ಧ ಕಾವೇರಿದ ಮೇಲೆ, ವೈಲ್ಡ್ ಕಾರ್ಡ್ ಹಿಡಿದು ಒಳಗೆ ಹೋದವನು ಯಾರು? ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಹನುಮಂತ ಲಮಾಣಿ! ಕುರಿ ಕಾಯುತ್ತ ಹಾಡು ಕಲಿತ ಹುಡುಗ. 2019ರಲ್ಲಿ ಜೀ ಕನ್ನಡದ ಸರಿಗಮಪದಲ್ಲಿ ಎರಡನೇ ಸ್ಥಾನ ಪಡೆದವನು. ಅವತ್ತಿನಿಂದ ನನ್ನ ಅಂಗಡಿಗಳಲ್ಲಿ ಮಾತು ಒಂದೇ: "ಅಣ್ಣಾ, ಓಟ್ ಹೆಂಗ ಹಾಕೂದು ತೋರಸ್ರಿ."

ಆಗ ಓಟು ಹಾಕಬೇಕಿದ್ದದ್ದು ಜಿಯೋಸಿನಿಮಾ ಆ್ಯಪಿನಲ್ಲಿ. ಆ್ಯಪ್ ಇಳಿಸಬೇಕು, ಮೊಬೈಲ್ ನಂಬರ್ ಕೊಡಬೇಕು, ಓಟಿಪಿ ಹೊಡೆಯಬೇಕು, ಆಮೇಲೆ ಮುಖ ನೋಡಿ ಒತ್ತಬೇಕಿತ್ತು. ಒಂದು ಬುಧವಾರ ಸವಣೂರಿನ ಅಂಗಡಿಯೊಂದಕ್ಕೆ ಹಳ್ಳಿಯ ಹಿರಿಯವ್ವ ಒಬ್ಬಳು ಬಂದಳು. ಸೆರಗಿನಲ್ಲಿ ಕಟ್ಟಿಕೊಂಡ ಫೋನು ಬಿಚ್ಚಿ ನನ್ನ ಕೈಗಿಟ್ಟಳು.

"ತಮ್ಮಾ, ನಮ್ಮ ಹನುಮಂತಗ ಒಂದ್ ಓಟ್ ಹಾಕಿಕೊಡೋ."

"ಯವ್ವಾ, ಇದು ನಿನ್ನ ನಂಬರ್ ಕೇಳತೈತಿ."

"ಕೇಳಿದ್ರ ಕೊಡು. ನಮ್ಮ ಹುಡುಗನ ಸಲುವಾಗಿ ಅಲ್ಲೇನು?"

"ಆಮ್ಯಾಲೆ ಓಟಿಪಿ ಬರತೈತಿ."

"ಬರ್ಲಿ ಬಿಡೋ. ಬಂದ್ರ ಚಾ ಕುಡಿಸಿ ಕಳಸೋಣು!"

ಅಂಗಡಿ ತುಂಬ ನಗು. ನಾನೂ ನಕ್ಕೆ, ಓಟು ಹಾಕಿಕೊಟ್ಟೆ. ಆದರೆ ಆ ಮಾತು ಹಿರೇಕೆರೂರಿನ ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿತ್ತು. ಅವ್ವ ಕೊಟ್ಟದ್ದು ಪ್ರೀತಿ. ಆ ಕಡೆಯವರಿಗೆ ತಲುಪಿದ್ದು ಒಂದು ಫೋನ್ ನಂಬರ್.

ನಮ್ಮ ಅಣ್ಣಾವ್ರು ಡಾ. ರಾಜ್‌ಕುಮಾರ್ ನಮ್ಮನ್ನು ಏನೆಂದು ಕರೆಯುತ್ತಿದ್ದರು? ಅಭಿಮಾನಿ ದೇವರುಗಳು! ದೇವರು ಟಾಕೀಸಿಗೆ ಬಂದು ಟಿಕೀಟು ಕೊಂಡು, ಸೀಟಿ ಹೊಡೆದು ಹೋಗುತ್ತಿದ್ದ. ಅವನ ಹೆಸರು, ಊರು ಯಾರೂ ಕೇಳುತ್ತಿರಲಿಲ್ಲ. ಇವತ್ತು ಆ್ಯಪಿನ ಭಾಷೆಯಲ್ಲಿ ಅದೇ ದೇವರು ಬರೀ 'ಯೂಸರ್'. ಯಾವ ಹೊತ್ತಿಗೆ ಬಂದ, ಏನು ನೋಡಿದ, ಎಲ್ಲಿ ಬೇಸತ್ತು ಎದ್ದುಹೋದ ಎಂಬುದೆಲ್ಲ ದಾಖಲಾಗುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಉಪಾಯವಲ್ಲ. ಈ ಆಟದ ಮೂಲ 'ಬಿಗ್ ಬ್ರದರ್' 1999ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಶುರುವಾದಾಗಲೇ ಮನೆಯೊಳಗಿನ ಕ್ಯಾಮೆರಾಗಳ ದೃಶ್ಯವನ್ನು ವೆಬ್‌ಸೈಟಿನಲ್ಲಿ ನೇರ ಬಿಟ್ಟಿದ್ದರು. ಟೀವಿಯಲ್ಲಿ ದಿನಕ್ಕೊಂದು ಕಂತು, ವೆಬ್‌ಸೈಟಿನಲ್ಲಿ ಹಗಲೂ ರಾತ್ರಿ! ನಮ್ಮಲ್ಲಿ 2004ರಲ್ಲಿ ಇಂಡಿಯನ್ ಐಡಲ್ ಬಂದಾಗ ಓಟು ಎಸ್ಸೆಮ್ಮೆಸ್ಸಿನಲ್ಲಿ ಹೋಗುತ್ತಿತ್ತು. ಅದಕ್ಕೆ ಮಾಮೂಲಿ ಮೆಸೇಜಿಗಿಂತ ಹೆಚ್ಚು ದುಡ್ಡು. ಕನ್ನಡದ ಬಿಗ್ ಬಾಸ್ 2013ರಲ್ಲಿ ಈಟೀವಿಯಲ್ಲಿ ಶುರುವಾಗಿ ಒಂದೊಂದೇ ಮೆಟ್ಟಿಲು ಏರಿತು. 2022ರಲ್ಲಿ ಟೀವಿಯನ್ನೇ ಬಿಟ್ಟು ವೂಟ್ ಆ್ಯಪಿನಲ್ಲಿ 'ಬಿಗ್ ಬಾಸ್ ಓಟಿಟಿ' ನಡೆಯಿತು. 2023ರಲ್ಲಿ ಹತ್ತನೇ ಸೀಸನ್ನು ಜಿಯೋಸಿನಿಮಾದಲ್ಲಿ 24 ಗಂಟೆ ನೇರ ಬಂತು. 2025ರ ಫೆಬ್ರವರಿಯಲ್ಲಿ ಆ ಜಿಯೋಸಿನಿಮಾವೇ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಅಂಗಡಿಯ ಬೋರ್ಡು ಬದಲಾಗುತ್ತ ಹೋಯಿತು, ಗಿರಾಕಿ ಮಾತ್ರ ನಾವೇ.

"ಈಗ ಓಟು ಪುಕ್ಕಟೆ ಅಲ್ಲೇನ್ರೀ?" ಎಂದು ಶಿಗ್ಗಾಂವಿಯ ಹುಡುಗನೊಬ್ಬ ಕೇಳಿದ. ಪುಕ್ಕಟೆ ಹೌದಪ್ಪಾ. ಆದರೆ ಓಟು ಹಾಕಲು ಬಂದವನು ಜಾಹೀರಾತು ನೋಡುತ್ತಾನೆ, ಕತ್ತರಿಸಿದ ತುಣುಕು ನೋಡುತ್ತಾನೆ, ಮತ್ತೊಂದು ಧಾರಾವಾಹಿಗೂ ಕಣ್ಣು ಹಾಯಿಸುತ್ತಾನೆ. ನಾಮಿನೇಶನ್ ಆಯಿತೆಂದರೆ ವಾರವಾರವೂ ಮರಳಿ ಬರುತ್ತಾನೆ. ಇಷ್ಟು ಜನ ಬಂದರು ಎಂದು ಜಾಹೀರಾತಿನವರಿಗೆ ತೋರಿಸಿದರೆ ಸಾಕು, ದುಡ್ಡು ಅಲ್ಲಿಂದ ಬರುತ್ತದೆ.

2025ರ ಜನವರಿ 26. ಗಣರಾಜ್ಯೋತ್ಸವದ ರಾತ್ರಿ ಸುದೀಪ್ ಎತ್ತಿ ಹಿಡಿದದ್ದು ಹನುಮಂತನ ಕೈ! ಬಹುಮಾನ 50 ಲಕ್ಷ ರೂಪಾಯಿ. ಬಂದ ಮತ 5 ಕೋಟಿ 23 ಲಕ್ಷಕ್ಕೂ ಹೆಚ್ಚು. ನಾನೂ ಕುಣಿದೆ, ಸುಳ್ಳು ಹೇಳುವುದಿಲ್ಲ. ಕುಣಿದು ಸುಸ್ತಾದ ಮೇಲೆ ಲೆಕ್ಕ ಹಾಕಿದೆ. 2011ರ ಜನಗಣತಿ ಪ್ರಕಾರ ನಮ್ಮ ಹಾವೇರಿ ಜಿಲ್ಲೆಯ ಜನ ಸುಮಾರು 16 ಲಕ್ಷ, ಇಡೀ ಕರ್ನಾಟಕದ್ದು 6 ಕೋಟಿ 11 ಲಕ್ಷ. ಅಂದರೆ ಕೂಸುಕುನ್ನಿ ಸೇರಿ ಇಡೀ ರಾಜ್ಯ ಒಬ್ಬನಿಗೇ ಓಟು ಹಾಕಿತೇ? ಇಲ್ಲ. ಒಬ್ಬನೇ ಹಲವು ಸಲ ಒತ್ತಬಹುದಿತ್ತು. ಆ ಅಂಕಿಯಲ್ಲಿ ಇರುವುದು ತಲೆಗಳ ಎಣಿಕೆಯಲ್ಲ, ಬೆರಳಿನ ಎಣಿಕೆ.

ಅದೇ ಚಳಿಗಾಲದಲ್ಲಿ ನಮ್ಮ ಕಡೆ ಇನ್ನೊಂದು ಓಟೂ ನಡೆದಿತ್ತು, ನೆನಪಿದೆಯೇ? 2024ರ ನವೆಂಬರ್ 13, ಶಿಗ್ಗಾಂವಿ ಕ್ಷೇತ್ರದ ಉಪಚುನಾವಣೆ. ಸವಣೂರಿನವರೂ ಅದೇ ಕ್ಷೇತ್ರದವರು. ಅಲ್ಲಿ ಒಬ್ಬನಿಗೆ ಒಂದೇ ಓಟು, ಬೆರಳಿಗೆ ಶಾಯಿ. ಯಾರಿಗೆ ಹಾಕಿದೆ ಎಂದು ಯಾರೂ ಬರೆದಿಟ್ಟುಕೊಳ್ಳುವಂತಿಲ್ಲ. ಆ್ಯಪಿನಲ್ಲಿ ಎಲ್ಲ ತಿರುಗಾಮುರುಗಾ!

ಹಿರೇಕೆರೂರಿನವರಿಗೆ ಅಭಿಮಾನ ಯಾವುದು, ಓಟು ಯಾವುದು ಎಂದು ನಾನು ಹೇಳಿಕೊಡಬೇಕಿಲ್ಲ. 1998ರ 'ಕೌರವ'ನ ನಾಯಕ ಬಿ.ಸಿ. ಪಾಟೀಲರನ್ನು 2004ರಲ್ಲಿ ಶಾಸಕರನ್ನಾಗಿ ಕಳಿಸಿದವರು ಅವರೇ, 2023ರಲ್ಲಿ ಸೋಲಿಸಿ ಮನೆಗೆ ಕಳಿಸಿದವರೂ ಅವರೇ. ಹೀರೋಗೆ ಓಟು ಹಾಕಿದರೂ ನಾಳೆ ನಿಲ್ಲಿಸಿ ಕೇಳುವ ಹಕ್ಕು ಇರುತ್ತದೆ. ಆ್ಯಪಿಗೆ ಹಾಕಿದ ಓಟಿನಲ್ಲಿ ಆ ಹಕ್ಕಿಲ್ಲ. ಮರುದಿನ ಬೆಳಿಗ್ಗೆ ನನ್ನ ಫೋನಿಗೆ ಬಂದದ್ದು ಇನ್ನೊಂದು ಶೋ ನೋಡಿರೆಂಬ ಕರೆ, ಅಷ್ಟೇ.

ಹಿರೇಕೆರೂರಿನಲ್ಲೇ ನನ್ನ ಅತ್ತೆಯ ಮಗನಿಗೆ ಡಿಸೆಂಬರಿನಲ್ಲಿ ವಾಟ್ಸಾಪಿಗೆ ಒಂದು ಲಿಂಕು ಬಂತು. 'ಹನುಮಂತನಿಗೆ ಓಟು ಹಾಕಿ, ಮೂರು ತಿಂಗಳ ರೀಚಾರ್ಜ್ ಉಚಿತ.' ವಾಹಿನಿಗೂ ಅದಕ್ಕೂ ಸಂಬಂಧವಿಲ್ಲ, ಯಾರೋ ಕಳ್ಳರದ್ದು. ಓಟಿಪಿ ಕೇಳಿದರು, ಕೊಟ್ಟ. ಗೋವಿನಜೋಳ ಮಾರಿ ಬ್ಯಾಂಕಿಗೆ ಹಾಕಿದ್ದ 6,400 ರೂಪಾಯಿ ಹೋಯಿತು. "ದಿನಾ ಕೊಡತಿದ್ನೆಲ್ಲಪಾ, ಇದೂ ಹಂಗ ಅನ್ಕೊಂಡೆ" ಅಂದ. ಬೈಯಲು ಬಾಯಿ ಬರಲಿಲ್ಲ.

ಹಾಗಂತ ಈ ಆಟವನ್ನೇ ಹಳಿಯುವವನು ನಾನಲ್ಲ. ಲುಂಗಿ ಉಟ್ಟು, ನಮ್ಮ ಮಾತನ್ನು ನಮ್ಮ ಧಾಟಿಯಲ್ಲೇ ಆಡುವ ಹುಡುಗನನ್ನು ಗೆಲ್ಲಿಸಿರೆಂದು ಬೆಂಗಳೂರಿನಲ್ಲಿ ಕೂತ ಯಾವ ಸಾಹೇಬರ ಬಾಗಿಲಿಗೂ ನಾವು ಹೋಗಬೇಕಾಗಲಿಲ್ಲ. ಸವಣೂರಿನ ಎಲೆ ಅಂಗಡಿಯವನು, ಹಾನಗಲ್ಲಿನ ಕಾಲೇಜು ಹುಡುಗ, ಸೆರಗಿನ ಗಂಟು ಬಿಚ್ಚಿದ ಆ ಹಿರಿಯವ್ವ ಕೂತಲ್ಲಿಂದಲೇ ಗೆಲ್ಲಿಸಿದರು. ವೈಲ್ಡ್ ಕಾರ್ಡಿನಲ್ಲಿ ಹೋದವನೊಬ್ಬ ಕನ್ನಡದ ಬಿಗ್ ಬಾಸ್ ಗೆದ್ದದ್ದು ಅದೇ ಮೊದಲು. ಆ ಖುಷಿಯನ್ನು ಯಾವ ಕಂಪನಿಯೂ ನಮ್ಮಿಂದ ಕಸಿದುಕೊಳ್ಳಲಾರದು.

ಆದ್ದರಿಂದ ದೋಸ್ತರೇ, ಮುಂದಿನ ಸೀಸನ್ನಿಗೂ ಓಟು ಹಾಕೋಣ, ಜೋರಾಗಿಯೇ ಹಾಕೋಣ. ಆದರೆ ಆ್ಯಪಿನೊಳಗೆ ಹೋಗಿ ಹಾಕಿ, ಯಾರೋ ಕಳಿಸಿದ ಲಿಂಕು ಒತ್ತಬೇಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮನೆಯ ಹಿರಿಯರ ಫೋನಿನಲ್ಲಿ ಓಟು ಹಾಕಿಕೊಟ್ಟರೆ, ಓಟಿಪಿ ಅಂದರೇನು ಎಂದೂ ಎರಡು ಮಾತು ಹೇಳಿಕೊಡಿ. ಬಂದ ನೆಂಟನಿಗೆ ಚಾ ಕುಡಿಸುವುದು ನಮ್ಮ ಕಡೆಯ ಪದ್ಧತಿ, ಬಿಡುವುದು ಬೇಡ. ಕುಡಿಸುವ ಮೊದಲು ಯಾವ ಊರಿನವನು, ಯಾರ ಪೈಕಿ ಎಂದು ಕೇಳುವುದೂ ನಮ್ಮ ಪದ್ಧತಿಯೇ ಅಲ್ಲವೇನ್ರೀ?