ಪಂಪ ಮತ್ತು ಜೋಳದ ಪಾಳಿ

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯನ್ನು ಹತ್ತಿ ಬಾಹುಬಲಿಯ ಎದುರು ನಿಂತ ಸಾಹಿತ್ಯದ ವಿದ್ಯಾರ್ಥಿಗೆ ಪಂಪನ ಆದಿಪುರಾಣ ನೆನಪಾಗದೆ ಇರದು. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದ ನೆಲವನ್ನು ಅಣ್ಣನಿಗೇ ಒಪ್ಪಿಸಿ ಹೊರಟವನನ್ನು ಕ್ರಿ.ಶ. 941ರಲ್ಲಿ ಕನ್ನಡಕ್ಕೆ ತಂದ ಕೃತಿ ಅದು. ಆದರೆ ರಾಜ್ಯತ್ಯಾಗವನ್ನು ಅಷ್ಟು ಎತ್ತರದಲ್ಲಿ ಕಂಡ ಕವಿಯೇ ವಿಕ್ರಮಾರ್ಜುನ ವಿಜಯದಲ್ಲಿ ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿದನು. ಪ್ರತಿಫಲವಾಗಿ ಧರ್ಮಪುರವೆಂಬ ಅಗ್ರಹಾರವನ್ನು ಪಡೆದನು. ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವೂ ಆ ದತ್ತಿಯನ್ನು ಹೇಳುತ್ತದೆ. ಎರಡು ಕಾವ್ಯಗಳೂ ಒಂದೇ ವರ್ಷದೊಳಗೆ ಮುಗಿದುವೆಂದು ಕವಿಯ ಮಾತು.

ಇದನ್ನು ಕಾಲಧರ್ಮವೆಂದು ಮನ್ನಿಸುವುದು ವಿಮರ್ಶೆಯ ರೂಢಿ. ಆ ಮನ್ನಣೆ ತೀರ ಅಗ್ಗದ್ದು. ಒಬ್ಬ ಮಾಂಡಲಿಕನ ಹಿರಿಮೆಗಾಗಿ ಕಥೆಯ ಎಲುಬೇ ಮುರಿದಿದೆ. ದ್ರೌಪದಿ ಅರ್ಜುನನೊಬ್ಬನ ಮಡದಿಯಾಗುತ್ತಾಳೆ. ಆದರೂ ಅವಳ ಮುಡಿಗಾಗಿ ದುಶ್ಶಾಸನನ ಎದೆ ಬಗೆಯುವವನು ಭೀಮನೇ. ಕೊನೆಯಲ್ಲಿ ಪಟ್ಟ ಏರುವವನು ಧರ್ಮರಾಯನಲ್ಲ, ಅರ್ಜುನ, ಪಕ್ಕದಲ್ಲಿ ಸುಭದ್ರೆ. ಸಭೆಯಲ್ಲಿ ಅವಮಾನ ಉಂಡವಳಿಗೆ ಆ ಪೀಠವಿಲ್ಲ! ಇಷ್ಟನ್ನು ಕಂಡೂ ಕಾಣದಂತೆ ಓದುವುದು ಭಕ್ತಿಯಾದೀತು, ಓದಾಗದು.

ಹಾಗೆಂದು ಹೊಗಳಿಕೆಯನ್ನು ಸುಲಿದೊಗೆದು ಒಳಗಿನ ಕಾವ್ಯವನ್ನಷ್ಟೆ ಉಳಿಸಿಕೊಳ್ಳಲೂ ಬಾರದು. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಿರೆಂದು ಪಂಪ ಕೇಳಿಕೊಳ್ಳುತ್ತಾನೆ. ಯಾವ ಕರ್ಣ? ಹುಟ್ಟಿನ ಗುಟ್ಟು ತಿಳಿದ ಮೇಲೂ, ಕೃಷ್ಣ ರಾಜ್ಯವನ್ನೇ ಮುಂದಿಟ್ಟಾಗಲೂ, ಉಂಡ ಮನೆಗೆ ಎರಡು ಬಗೆಯದ ಕರ್ಣ. ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಕಟ್ಟಳೆಗೆ ಅಂದಿನ ವೀರರು ಜೋಳದ ಪಾಳಿ ಎನ್ನುತ್ತಿದ್ದರು. ಪಂಪನೂ ಕತ್ತಿ ಹಿಡಿದವನು, ಅರಿಕೇಸರಿಯ ಜೋಳ ಉಂಡವನು. ಒಡೆಯನನ್ನು ಅತಿಯಾಗಿ ಹೊಗಳಿಸಿದ ಆ ಋಣಪ್ರಜ್ಞೆಯೇ ಒಡೆಯನ ವೈರಿಯಾದ ಕರ್ಣನ ಅಳಲನ್ನು ಅವನಿಗೆ ತಿಳಿಸಿಕೊಟ್ಟಿತು. ಕಾವ್ಯದ ಕಲೆಗೂ ಅದರ ಕಾಂತಿಗೂ ಬೇರು ಒಂದೇ. ಅರಿಕೇಸರಿಗೆ ಈ ಪಕ್ಷಾಂತರ ತಿಳಿಯಿತೋ ಏನೋ.

ಇನ್ನು ಆದಿಪುರಾಣದ ವೃಷಭಾಚಲ. ಆರು ಖಂಡಗಳನ್ನು ಗೆದ್ದ ಭರತ ಆ ಬೆಟ್ಟದ ಮೇಲೆ ತನ್ನ ಪ್ರಶಸ್ತಿಯನ್ನು ಕೆತ್ತಿಸಲು ಹೋದರೆ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬಂಡೆ ತುಂಬಿಹೋಗಿರುತ್ತದೆ. ಅವನ ಸೊಕ್ಕು ಸೋರಿಹೋಗುತ್ತದೆ. ಆದರೂ ಅವನು ಬರಿಗೈಯಲ್ಲಿ ಇಳಿಯುವುದಿಲ್ಲ. ಯಾರದೋ ಒಂದು ಪ್ರಶಸ್ತಿಯನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಕೆತ್ತಿಸುತ್ತಾನೆ. ಇದನ್ನು ಬರೆದದ್ದು ಪ್ರಶಸ್ತಿ ಬರೆದು ಊರು ಪಡೆದ ಕೈ.